ಏಳನೇ ಸ್ಲಿಪ್ಪಿನ ನಳಿನಾಕ್ಷಿ

ನಳಿನಾಕ್ಷಿಗೆ ಈಜು ಬರುತ್ತಿರಲಿಲ್ಲ. ಐವತ್ತಮೂರನೇ ವಯಸ್ಸಿನಲ್ಲಿ ನೀರಿನ ಮೇಲೆ ಸಂಸಾರ ಹೂಡುತ್ತೇನೆಂದು ಅವಳು ಕನಸಿನಲ್ಲೂ ಎಣಿಸಿದವಳಲ್ಲ. ಸಂಸಾರವೆಂದರೂ ಅವಳೊಬ್ಬಳೇ. ಮೈಸೂರಿನ ಚಾಮರಾಜಪುರಂನಲ್ಲಿ ಬೆಳೆದು, ಲ್ಯಾಬ್ ಟೆಕ್ನಿಷಿಯನ್ ಆಗಿ ಅಮೆರಿಕಕ್ಕೆ ಬಂದವಳು. ಮದುವೆಯ ಮಾತು ಎರಡು ಸಲ ನಡೆದು ಎರಡು ಸಲವೂ ಮುರಿದುಬಿತ್ತು. ಆಮೇಲೆ ಯಾರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಲಾಂಗ್ ಐಲೆಂಡಿನ ಹಿಕ್ಸ್‌ವಿಲ್‌ನ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಹದಿನಾಲ್ಕು ವರ್ಷ ಬಾಡಿಗೆಗಿದ್ದಳು. 2008ರ ಬೇಸಿಗೆಯಲ್ಲಿ ಆ ಮನೆ ಬ್ಯಾಂಕಿನ ಪಾಲಾಯಿತು. ಮಾಲೀಕರು ಹೇಳದೆ ಕೇಳದೆ ಟೆಕ್ಸಾಸಿಗೆ ಹೊರಟುಹೋದರು. ಬಾಗಿಲಿಗೆ ಅಂಟಿಸಿದ್ದ ನೋಟೀಸನ್ನು ಓದಿದ ಮೇಲೆಯೇ ಕೆಳಗಿದ್ದವಳಿಗೆ ಸಂಗತಿ ತಿಳಿದದ್ದು.

ಆಸ್ಪತ್ರೆಯ ಲ್ಯಾಬಿನಲ್ಲಿ ಜೊತೆಗಿದ್ದ ಹುಡುಗಿಯೊಬ್ಬಳ ಚಿಕ್ಕಪ್ಪ ಟೋನಿ. ಎಪ್ಪತ್ತು ದಾಟಿದ್ದವನು, ಕೊಲ್ಲಿಯಲ್ಲಿ ಚಿಪ್ಪುಮೀನು ತೆಗೆದು ಮಾರಿ ಬದುಕಿದವನು. ಲಾಂಗ್ ಐಲೆಂಡಿನ ದಕ್ಷಿಣ ತೀರದ ಒಂದು ಸಣ್ಣ ಊರಿನ ಕಾಲುವೆಯಲ್ಲಿ ತನ್ನ ಬೋಟಿನ ಮೇಲೆಯೇ ವಾಸವಾಗಿದ್ದ. ಪಕ್ಕದ ಬೋಟು ಮಾರಾಟಕ್ಕಿದೆ, ಹಳೆಯದು, ಆದರೆ ಸೋರುವುದಿಲ್ಲ ಎಂದು ಹೇಳಿ ಕಳಿಸಿದ. ನೋಡಿಬರೋಣ ಎಂದು ಹೋದ ನಳಿನಾಕ್ಷಿ ಅದನ್ನು ಕೊಂಡೇಬಿಟ್ಟಳು. ಬೋಟು ನಿಲ್ಲಿಸುವ ಒಂದೊಂದು ಜಾಗವನ್ನೂ ಅಲ್ಲಿ ಸ್ಲಿಪ್ ಎನ್ನುತ್ತಾರೆ. ಅವಳದು ಏಳನೆಯದು, ಟೋನಿಯದು ಆರನೆಯದು. ಒಟ್ಟು ಒಂಬತ್ತು ಬೋಟುಗಳಲ್ಲಿ ಜನ ವರ್ಷವಿಡೀ ಇರುತ್ತಿದ್ದರು.

ಈ ವಿಷಯವನ್ನು ಅವಳು ಕನ್ನಡದವರಾರಿಗೂ ಹೇಳಲಿಲ್ಲ. ಕಾಗದಪತ್ರ ಬರಲು ಅಂಚೆ ಕಚೇರಿಯಲ್ಲಿ ಒಂದು ಪೆಟ್ಟಿಗೆ ತೆಗೆದುಕೊಂಡಳು. ಮೈಸೂರಿನ ಕಾಲೇಜಿನಿಂದಲೂ ಗೆಳತಿಯಾಗಿದ್ದ, ನ್ಯೂಜೆರ್ಸಿಯ ಮನ್ರೋದಲ್ಲಿದ್ದ ಕೌಸಲ್ಯಾ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. "ಏನೇ ಅದು, ಟಪಟಪ ಅಂತ ಸದ್ದು?" ಎಂದು ಕೇಳಿದರೆ, "ಹೀಟರ್ ಕಣೇ, ಹಳೇದು" ಅನ್ನುವಳು. ಅದು ಬೋಟಿನ ಪಕ್ಕೆಗೆ ನೀರು ಬಡಿಯುವ ಸದ್ದು.

2009ರ ಏಪ್ರಿಲ್‌ನಲ್ಲಿ ಬೋಟುಗಳನ್ನು ಕಟ್ಟುವ ಕಟ್ಟೆಯ ಕಂಬಗಳಿಗೆ ಊರಾಡಳಿತದ ನೋಟೀಸು ಬಿತ್ತು. ಎದುರು ದಡದಲ್ಲಿ ಸಾಲಾಗಿ ಮನೆಗಳಿದ್ದವು. ಬೋಟಿನವರು ಬಟ್ಟೆ ಒಣಹಾಕುತ್ತಾರೆ, ಕೊಳಚೆಯನ್ನು ಕಾಲುವೆಗೆ ಬಿಡುತ್ತಾರೆ, ಇವರಿಂದ ಮನೆಗಳ ಬೆಲೆ ಇನ್ನೂ ಬಿದ್ದುಹೋಗುತ್ತದೆ ಎಂದು ಅಲ್ಲಿಯವರ ದೂರು. ಆ ವರ್ಷ ಎಲ್ಲರಿಗೂ ಮನೆಯ ಬೆಲೆಯದೇ ಭಯ. ಬೋಟಿನಲ್ಲಿ ವಾಸಿಸುವುದನ್ನೇ ನಿಲ್ಲಿಸುವ ಬಗ್ಗೆ ಮೇ ತಿಂಗಳಲ್ಲಿ ಸಾರ್ವಜನಿಕ ಸಭೆ ಎಂದು ಬರೆದಿತ್ತು.

"ನೀನು ಮಾತಾಡು. ನಾನು ಬಾಯಿ ಬಿಟ್ಟರೆ ಬೈಗುಳವೇ ಬರೋದು" ಎಂದ ಟೋನಿ.

ಅವಳು ಒಂದು ವಾರ ಸಂಜೆ ಹೊತ್ತು ಒಂಬತ್ತೂ ಬೋಟುಗಳನ್ನು ಹತ್ತಿಳಿದಳು. ಯಾರು ಎಷ್ಟು ವರ್ಷದಿಂದ ಇದ್ದಾರೆ, ಕೊಳಚೆ ತೊಟ್ಟಿಯನ್ನು ಎಲ್ಲಿ ಖಾಲಿ ಮಾಡಿಸುತ್ತಾರೆ ಎಂದೆಲ್ಲ ಲ್ಯಾಬಿನ ವರದಿಯಂತೆ ಅಚ್ಚುಕಟ್ಟಾಗಿ ಬರೆದುಕೊಂಡಳು. ಪಕ್ಕಪಕ್ಕದಲ್ಲೇ ಇದ್ದು ಅದುವರೆಗೆ ಕೆಲವರ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

ಸಭೆಯ ದಿನ ಅವಳ ಸರದಿ ಬಂದಾಗ ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಹೆಸರು, ವಿಳಾಸ ಹೇಳಿ. ಊರಿನ ನಿವಾಸಿಗಳು ಮಾತ್ರ ಮಾತಾಡಬಹುದು."

ಅಂಚೆ ಪೆಟ್ಟಿಗೆಯ ನಂಬರು ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು. "ನಳಿನಾಕ್ಷಿ. ಸ್ಲಿಪ್ ನಂಬರ್ ಏಳು."

"ಅದು ಬೋಟು ಕಟ್ಟುವ ಜಾಗ, ಮೇಡಂ. ನಾನು ಕೇಳಿದ್ದು ಮನೆಯ ವಿಳಾಸ."

"ನಾನು ಹೇಳಿದ್ದೂ ಅದನ್ನೇ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವಳು ಬರೆದು ತಂದಿದ್ದ ಹಾಳೆಯನ್ನು ಬಿಡಿಸಿದಳು. ಪೂರ್ತಿ ಓದಿದಳು. ಕೊನೆಗೆ ಹಾಳೆಯಲ್ಲಿಲ್ಲದ ಒಂದು ಮಾತು ಹೇಳಿದಳು: "ನಮ್ಮನ್ನು ಇಟ್ಟುಕೊಳ್ಳಿ, ಬಿಡಿ. ಆದರೆ ತೀರ್ಮಾನ ಮಾಡುವಾಗ ನಮ್ಮಲ್ಲೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಇಲ್ಲಿಯವರೆಗೂ ಒಬ್ಬರೂ ಬಂದು ನಮ್ಮನ್ನು ಏನೂ ಕೇಳಿಲ್ಲ."

ಆ ಮಾತು ನಾಟಿತು. ಐದು ಜನರ ಕಾಲುವೆ ಸಮಿತಿಯಾಯಿತು. ಮನೆಗಳ ಕಡೆಯವರು ಮೂವರು, ಊರಾಡಳಿತದ ಎಂಜಿನಿಯರ್ ಒಬ್ಬ, ಬೋಟುಗಳ ಪರವಾಗಿ ನಳಿನಾಕ್ಷಿ. ಸ್ಥಳೀಯ ಪತ್ರಿಕೆಯಲ್ಲಿ ಅವಳ ಚಿತ್ರ ಬಂತು. ಎರಡೇ ವಾರದಲ್ಲಿ ಅದು ಹಿಕ್ಸ್‌ವಿಲ್‌ನ ಭಾರತೀಯ ಅಂಗಡಿಗಳನ್ನು ಹಾದು ಮನ್ರೋ ಮುಟ್ಟಿತು.

"ಬೋಟಲ್ಲಿದ್ದೀಯಂತೆ?" ಕೌಸಲ್ಯಾಳ ದನಿ ಒಡೆದಿತ್ತು. "ನಮ್ಮನೇಲಿ ಗೆಸ್ಟ್ ರೂಮ್ ಖಾಲಿ ಬಿದ್ದಿದೆ. ಒಂದು ಮಾತು ಹೇಳ್ಬಾರ್ದಿತ್ತಾ? ನಾನೇನು ಹೊರಗಿನವಳಾ ನಿಂಗೆ?"

"ಹೇಳಿದ್ರೆ ನೀನು ಬಾ ಅಂತಿದ್ದೆ ಕಣೇ. ಅದಕ್ಕೇ ಹೇಳ್ಲಿಲ್ಲ."

ನಿಜವನ್ನೇ ಹೇಳಿದ್ದಳು, ಆದರೆ ಹೇಳಿದ ರೀತಿ ಸರಿಯಾಗಲಿಲ್ಲ. ಭಾನುವಾರದ ಫೋನು ತಿಂಗಳಿಗೊಮ್ಮೆಯಾಯಿತು, ಆಮೇಲೆ ಯುಗಾದಿ, ದೀಪಾವಳಿಗೆ ಬಂದು ನಿಂತಿತು.

ಸಮಿತಿ ಐದು ತಿಂಗಳು ಕೂತಿತು. ಮನೆಯವರು ಮೊದಲು ಒಂದು ಬೋಟೂ ಬೇಡವೆಂದರು. ಅವಳು ಅವರನ್ನು ಬೋಟಿಗೆ ಕರೆದು, ಕಾಫಿ ಕೊಟ್ಟು, ಮೂಗಿನ ಹತ್ತಿರವೇ ತೊಟ್ಟಿಯ ಮುಚ್ಚಳ ತೆಗೆದು ತೋರಿಸಿದಳು. ಕೊನೆಗೆ ಒಪ್ಪಂದಕ್ಕೆ ಬಂದರು: ಈಗಿರುವ ಒಂಬತ್ತು ಬೋಟುಗಳ ಜನ ಇರಬಹುದು. ಹೊಸಬರು ಬರುವಂತಿಲ್ಲ. ಯಾರಾದರೂ ಬಿಟ್ಟುಹೋದರೆ ಆ ಜಾಗ ವಾಸಕ್ಕೆ ಇನ್ನೊಬ್ಬರಿಗಿಲ್ಲ. ಇದನ್ನು ನೋಡಿಕೊಳ್ಳಲು ಸಮಿತಿ ಮುಂದೆಯೂ ಆಗಾಗ ಸೇರಬೇಕು.

"ನಮ್ಮ ಒಂಬತ್ತು ಉಳೀತಲ್ಲ" ಎಂದ ಟೋನಿ. ನಳಿನಾಕ್ಷಿಗೂ ಹಾಗೇ ಅನ್ನಿಸಿತು. ಸಮಿತಿಯಲ್ಲಿ ಒಪ್ಪಿ ಕೈ ಎತ್ತಿದಳು. ಆ ಸಂಜೆ ಕಟ್ಟೆಯ ಮೇಲೆ ಎಲ್ಲರೂ ಸೇರಿ ಊಟ ಮಾಡಿದರು. ಅವಳು ಮಾಡಿದ್ದ ಚಿತ್ರಾನ್ನದ ಪಾತ್ರೆ ತಳ ಕಂಡಿತು. ಎದುರು ದಡದ ಒಬ್ಬಾತ ಕೂಡ ಕೈ ಬೀಸಿದ.

ಮೊದಲು ಹೋದದ್ದು ಎರಡನೇ ಸ್ಲಿಪ್ಪಿನ ನಿವೃತ್ತ ಮೇಷ್ಟ್ರು, ಪೆನ್ಸಿಲ್ವೇನಿಯಾದ ಮಗಳ ಮನೆಗೆ. 2010ರ ಡಿಸೆಂಬರಿನ ದೊಡ್ಡ ಹಿಮದಲ್ಲಿ ಒಂದು ಬೋಟು ಮುಳುಗಿತು. ಇನ್ನಿಬ್ಬರು ಕೆಲಸ ಹುಡುಕಿಕೊಂಡು ದಕ್ಷಿಣಕ್ಕೆ ಹೋದರು. ಕೊನೆಗೆ ಟೋನಿಯ ಮಂಡಿ ಸೋತಿತು, ಕೆರೊಲಿನಾದ ತಂಗಿ ಬಂದು ಕರೆದುಕೊಂಡು ಹೋದಳು. ಹೊರಡುವ ಮುಂಚೆ ಅವನು ನಳಿನಾಕ್ಷಿಯ ಬೋಟಿನ ಹಗ್ಗಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿಕೊಟ್ಟ. ಅವಳಿಗೆ ಅಳು ಬಂತು, ಅವನಿಗೆ ಕಾಣದ ಹಾಗೆ ಒಳಗೆ ಹೋಗಿ ಪಾತ್ರೆ ತೊಳೆದಳು.

2011ರ ವಸಂತಕ್ಕೆ ನಾಲ್ಕು ಬೋಟು ಉಳಿದಿದ್ದವು. ಅವಳ ಎರಡೂ ಪಕ್ಕ ಬರೀ ನೀರು. ಕೆಲಸದಿಂದ ಬಂದರೆ ಮರುದಿನದವರೆಗೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ರೇಡಿಯೋ ಹಾಕಿ ಕೂರುವಳು.

ಮೇ ತಿಂಗಳ ಒಂದು ಶನಿವಾರ ಕಟ್ಟೆಯ ಮೇಲಿಂದ ಕನ್ನಡ ಕೇಳಿಸಿತು. "ಆಂಟಿ, ನಳಿನಾಕ್ಷಿ ಆಂಟಿ ಅಂದ್ರೆ ನೀವೇನಾ?"

ಬೆಂಗಳೂರಿನ ಜಾಹಿದ್, ಅವನ ಹೆಂಡತಿ ಉಝ್ಮಾ. ಅವನ ಪ್ರಿಂಟಿಂಗ್ ಅಂಗಡಿ ಮುಚ್ಚಿತ್ತು, ಮನೆ ಕೈಬಿಟ್ಟುಹೋಗಿತ್ತು. ಒಳ್ಳೆಯ ದಿನಗಳಲ್ಲಿ ಕೊಂಡಿದ್ದ ಒಂದು ಬೋಟು ಉಳಿದಿತ್ತು. ಬೋಟಿನಲ್ಲಿರುವ ಕನ್ನಡದ ಆಂಟಿಯ ಸುದ್ದಿಯನ್ನು ಹಿಕ್ಸ್‌ವಿಲ್‌ನಲ್ಲಿ ಯಾರೋ ಹೇಳಿದ್ದರಂತೆ.

ಬೋಟಿನೊಳಗೆ ಬಂದ ಉಝ್ಮಾ ಒಲೆಯ ಹತ್ತಿರ ನಿಂತು ಒಗ್ಗರಣೆ ಡಬ್ಬಿಯನ್ನು ನೋಡಿ ನಕ್ಕಳು. "ನೀವು ಇಲ್ಲಿ ದಿನಾ ಅಡುಗೆ ಮಾಡ್ತೀರಾ ಆಂಟಿ? ಹಾಗಿದ್ರೆ ನಾನೂ ಮಾಡ್ಬಲ್ಲೆ."

"ಪಕ್ಕದ ಸ್ಲಿಪ್ ಖಾಲಿ ಇದೆಯಲ್ಲ, ಅದು ಸಿಗುತ್ತಾ?" ಎಂದು ಕೇಳಿದ ಜಾಹಿದ್.

ಕಮಿಟಿ ಹೇಳುತ್ತದೆ, ರೂಲ್ಸ್ ಹಾಗಿದೆ ಎಂದು ತೇಲಿಸಿಬಿಡಬಹುದಿತ್ತು. ನಳಿನಾಕ್ಷಿಗೆ ಮನಸ್ಸು ಬರಲಿಲ್ಲ. "ಹೊಸಬರನ್ನ ಬಿಡಬಾರ್ದು ಅಂತ ರೂಲ್ ಇದೆಯಪ್ಪ. ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು" ಎಂದಳು. "ಮುಂದಿನ ಮೀಟಿಂಗ್‌ನಲ್ಲಿ ಕೇಳ್ತೀನಿ. ಆಗುತ್ತೆ ಅಂತ ಮಾತ್ರ ಅಂದ್ಕೋಬೇಡಿ."

ಕೇಳಿದಳು. ಐದು ಸ್ಲಿಪ್ಪು ಖಾಲಿ ಬಿದ್ದಿವೆ, ಎರಡು ವರ್ಷದಲ್ಲಿ ಒಂದು ದೂರೂ ಬಂದಿಲ್ಲ ಎಂದಳು. ಎಂಜಿನಿಯರ್ ಅವಳ ಜೊತೆ ಕೈ ಎತ್ತಿದ. ಮೂವರು ಎತ್ತಲಿಲ್ಲ. ಅವರಲ್ಲೊಬ್ಬಾಕೆ ಮೆಲ್ಲಗೆ, "ನೀವೇ ಒಪ್ಪಿದ್ದಲ್ವಾ? ಈಗ ಎಷ್ಟು ನಿಶ್ಶಬ್ದವಾಗಿದೆ ನೋಡಿ" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಆಕೆಗೆ ನಿಜಕ್ಕೂ ಅದು ಸಂತೋಷದ ಸಂಗತಿಯಾಗಿತ್ತು.

ಜಾಹಿದ್‌ಗೆ ಫೋನ್ ಮಾಡಿ ತಿಳಿಸಿದಳು. "ಪರವಾಗಿಲ್ಲ ಆಂಟಿ, ಇಷ್ಟಾದ್ರೂ ಮಾಡಿದ್ರಲ್ಲ" ಎಂದ. ಅವರು ಬೋಟು ಮಾರಿ ನ್ಯೂಜೆರ್ಸಿಯ ಹೋಬೋಕನ್‌ನಲ್ಲಿದ್ದ ಉಝ್ಮಾಳ ಅಣ್ಣನ ಮನೆಗೆ ಹೋದರೆಂದು ಆಮೇಲೆ ಗೊತ್ತಾಯಿತು.

ಆ ದಿನ ಫೋನಿಟ್ಟ ಮೇಲೆ ಅವಳು ಮೊಸರನ್ನ ಕಲಸಿಕೊಂಡು ಬೋಟಿನ ಹಿಂಭಾಗದಲ್ಲಿ ಕೂತು ಉಂಡಳು. ಕೈ ತೊಳೆದು ಬಂದು, ಜುಲೈ ಸಭೆಗೆ ಅದೇ ವಿಷಯವನ್ನು ಇನ್ನೊಮ್ಮೆ ಬರೆಯತೊಡಗಿದಳು. ಎದುರು ಮನೆಯಲ್ಲಿ ಯಾರೋ ಹುಲ್ಲಿಗೆ ನೀರು ಬಿಡುತ್ತಿದ್ದರು.