ನಾಮಿನಿಗೆ ನೀವೇನಾಗಬೇಕು?

ಸಾಹೇಬರು ತೀರಿಕೊಂಡ ಹತ್ತೊಂಬತ್ತನೆಯ ದಿನ ಅವರ ಹೆಂಡತಿ ಬ್ಯಾಂಕಿಗೆ ಹೋದರು. ಅದೇ ದಿನ ಸಂಜೆ ಐದಕ್ಕೆ ಬಡಾವಣೆಯ ವಾಚನಾಲಯದಲ್ಲಿ ಸಂತಾಪ ಸಭೆ. ಆಕೆ ಎರಡು ಮಾತಾಡಲೇಬೇಕೆಂದು ಸಂಘದ ಅಧ್ಯಕ್ಷರು ಮೂರು ಸಲ ಹೇಳಿಕಳಿಸಿದ್ದರು. ಏನು ಹೇಳುವುದೆಂದು ಬೆಳಗ್ಗೆಯೇ ತೀರ್ಮಾನವಾಗಿತ್ತು: ಒಳ್ಳೆಯವರಾಗಿದ್ದರು, ನೀವೆಲ್ಲ ಬಂದಿರಿ, ಅಷ್ಟೇ. ಬ್ಯಾಂಕಿನ ಕೆಲಸ ಹತ್ತು ನಿಮಿಷದ್ದು ಎಂದುಕೊಂಡು ಹೊರಟಿದ್ದರು.

ಸಾಹೇಬರು ಕೊನೆಯ ಏಳು ವರ್ಷ ಮ್ಯಾನೇಜರ್ ಆಗಿದ್ದ ಶಾಖೆಯೇ ಅದು. ಈಗ ಗಾಜಿನ ಬಾಗಿಲು, ಟೋಕನ್ ಉಗುಳುವ ಯಂತ್ರ. ಅವರ ಕ್ಯಾಬಿನ್ ಇದ್ದ ಜಾಗದಲ್ಲಿ ಎಟಿಎಂ. ಕೌಂಟರಿನ ಹುಡುಗಿ ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಕ್ಕಿಲ್ಲ. ಮರಣ ಪ್ರಮಾಣಪತ್ರ ತೆಗೆದುಕೊಂಡು, ಕಂಪ್ಯೂಟರ್ ಕುಟ್ಟಿ, ಮುಖ ಎತ್ತಿದಳು.

“ಅಮ್ಮಾ, ಈ ಖಾತೆಗೆ ನಾಮಿನಿ ಇದ್ದಾರೆ. ಅವರೇ ಬರಬೇಕು.”

“ನಾನೇ ಬಂದಿದ್ದೀನಲ್ಲ.”

ಹುಡುಗಿ ಆಕೆಯ ಗುರುತಿನ ಚೀಟಿ ನೋಡಿದಳು, ಪರದೆ ನೋಡಿದಳು, ಒಂದು ಹೆಸರು ಓದಿದಳು. ಯಾರ ಹೆಸರೆಂದು ಆಕೆಗೆ ಒಂದು ಕ್ಷಣ ಹೊಳೆಯಲಿಲ್ಲ. ಆ ಹೆಸರನ್ನು ಬಾಯಿಬಿಟ್ಟು ಯಾರೂ ಕರೆದು ಎಷ್ಟೋ ಕಾಲವಾಗಿತ್ತು. ಹೊಳೆದಾಗ ಗುರುತಿನ ಚೀಟಿಯನ್ನು ವಾಪಸು ತೆಗೆದುಕೊಂಡರು.

“ಅವರಿಲ್ಲ. ತೀರಿಕೊಂಡು ಇಪ್ಪತ್ತೊಂದು ವರ್ಷ ಆಯ್ತು.”

“ಓ. ನಾಮಿನಿಗೆ ನೀವೇನಾಗಬೇಕು?”

“ಸೊಸೆ,” ಎಂದರು ಆಕೆ.

ಹುಡುಗಿ ನಾಲ್ಕು ಪುಟದ ಫಾರ್ಮೊಂದನ್ನು ಮುದ್ರಿಸಿ ಕೊಟ್ಟಳು. “ಇಲ್ಲಿ ಹಳೇ ನಾಮಿನಿ ಹೆಸರು ಪ್ರಿಂಟ್ ಆಗಿದೆ ನೋಡಿ. ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ನೀವು ಸಹಿ ಹಾಕ್ಬೇಕು. ಮಿಕ್ಕಿದ್ದು ಸ್ವಲ್ಪ ಉದ್ದ ಇದೆ. ಯಾರಾದ್ರೂ ತುಂಬಿಸಿಕೊಡೋರು ಇದ್ದಾರಾ?”

“ಇದ್ದರು.”

ಇದ್ದರು ಎನ್ನುವುದು ಸಾಲದು. ಸಾಹೇಬರು ನಿವೃತ್ತರಾದ ಮೇಲಿನ ಹನ್ನೊಂದು ವರ್ಷ ಆ ಬಡಾವಣೆಯಲ್ಲಿ ಅವರ ಕೈಬರಹವಿಲ್ಲದ ಫಾರ್ಮು ಯಾವ ಕಚೇರಿಗೂ ಹೋಗಿರಲಿಲ್ಲ. ಪಿಂಚಣಿ, ವಿಮೆ, ಶಾಲೆಗೆ ಸೇರಿಸುವುದು, ನೀರಿನ ಸಂಪರ್ಕ, ಎಲ್ಲಕ್ಕೂ ಅವರೇ. ವಾಚನಾಲಯ ಕಟ್ಟಿಸಿದವರೂ ಅವರೇ. ಅಲ್ಲಿನ ಮೇಜಿಗೆ ಬ್ಯಾಂಕಿನ ಕೌಂಟರಿನಲ್ಲಿರುವ ಹಾಗೆ ಪೆನ್ನೊಂದನ್ನು ದಾರದಲ್ಲಿ ಕಟ್ಟಿ ಇಟ್ಟಿದ್ದರು. “ಸಾಹೇಬ್ರೇ, ನಾವೇನು ಪೆನ್ನು ಕದಿಯೋ ಜನಾನಾ?” ಎಂದು ಯಾರೋ ಕೇಳಿದ್ದಕ್ಕೆ, “ಕದಿಯಲ್ಲ ಸ್ವಾಮಿ, ಮರೆತು ಜೇಬಿಗೆ ಹಾಕ್ಕೋತೀರಿ. ಮೂವತ್ತೆಂಟು ವರ್ಷ ನೋಡಿದ್ದೀನಿ,” ಎಂದಿದ್ದರು.

ಅವರಿಗಿದ್ದ ಅಡ್ಡಹೆಸರು ನಾಮಿನಿ ಸಾಹೇಬರು. ತಾನು ಸತ್ತ ಮೇಲೆ ಖಾತೆ ಯಾರ ಕೈಗೆ ಹೋಗಬೇಕೆಂದು ಬರೆದುಕೊಡುತ್ತೇವಲ್ಲ, ಆ ಹೆಸರಿನ ಬಗ್ಗೆ ಅವರಿಗೆ ಒಂದು ಥರದ ಹುಚ್ಚು. ಹೊಸ ಮದುಮಗನ ಕೈಕುಲುಕುತ್ತಲೇ, “ನಾಮಿನಿ ಬದಲಾಯಿಸಿದ್ಯೇನಪ್ಪಾ?” ಎನ್ನುತ್ತಿದ್ದರು. ಸಾವಿನ ಮನೆಗೆ ಹೋದರೆ ಮೂರನೆಯ ದಿನಕ್ಕೇ ಕಿವಿಯಲ್ಲಿ ಅದೇ ಮಾತು. ದರ್ಜಿಯ ಬೆನ್ನು ಬಿದ್ದು, ಸತ್ತುಹೋಗಿದ್ದ ಅಣ್ಣನ ಹೆಸರು ತೆಗೆಸಿ ಹೆಂಡತಿಯ ಹೆಸರು ಬರೆಸಿದ್ದರು. ದರ್ಜಿ, “ಪಾಪ, ಅಣ್ಣ ಸಾಹೇಬ್ರೇ, ಹೊಡೆದುಹಾಕೋಕೆ ಮನಸ್ಸು ಬರಲ್ಲ,” ಎಂದು ಗೊಣಗಿದಾಗ ಅವನ ಕೈಗೆ ಪೆನ್ನು ತುರುಕಿ, “ಗೆರೆ ಎಳಿ ಮಾರಾಯ. ಸತ್ತೋರು ಕೌಂಟರಿಗೆ ಬರಲ್ಲ,” ಎಂದಿದ್ದರು. ಆ ಮಾತು ಬಡಾವಣೆಯಲ್ಲಿ ಮನೆಮಾತಾಗಿ, ಹಾಲು ಹಾಕುವವನೂ ಹೇಳತೊಡಗಿದ್ದ.

ಹೆಂಡತಿ ತನಗೂ ಒಂದು ಖಾತೆ ಬೇಕೆಂದು ಮದುವೆಯಾದ ಹೊಸದರಲ್ಲಿ ಕೇಳಿದ್ದಳು. “ಬ್ಯಾಂಕನ್ನೇ ಕಟ್ಕೊಂಡಿದ್ದೀಯ, ನಿನಗ್ಯಾಕೆ ಇನ್ನೊಂದು ಅಕೌಂಟು?” ಎಂದು ನಕ್ಕಿದ್ದರು. ಆಕೆಯೂ ನಕ್ಕಿದ್ದಳು. ಒಳ್ಳೆಯ ಗಂಡನೇ. ಕೈ ಎತ್ತಿದವರಲ್ಲ, ಕುಡಿದವರಲ್ಲ. ಮಗಳಿಗೆ ಜ್ವರ ಬಂದಾಗ ಇಡೀ ದಿನ ರಜೆ ಹಾಕಿ ತಲೆಯ ಬಳಿ ಕೂತವರು. ಆದರೆ ಮೂರು ಸಲ ವರ್ಗವಾದಾಗಲೂ ಅವರು ಮುಂದೆ ಹೋದರು, ಆಕೆ ಅತ್ತೆಯನ್ನು ನೋಡಿಕೊಂಡು ಹಿಂದೆ ಉಳಿದಳು.

ಅತ್ತೆ ಮನೆಯಲ್ಲಿದ್ದದ್ದು ಮದುವೆಯಾದಾಗಿನಿಂದ ಇಪ್ಪತ್ತೊಂದು ವರ್ಷ. ಅದರಲ್ಲಿ ಕೊನೆಯ ಒಂಬತ್ತು ವರ್ಷ ಹಾಸಿಗೆಯಲ್ಲೇ. ಮೈ ಒರೆಸಿದ್ದು, ಮಲಗಿದಲ್ಲೇ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದು, ಹೊದಿಕೆ ಒಗೆದದ್ದು ಎಲ್ಲ ಸೊಸೆ. ಸಂಜೆ ಮಗ ಬಂದು ಹಾಸಿಗೆಯ ಪಕ್ಕ ಅರ್ಧ ಗಂಟೆ ಕೂತರೆ, “ನೀನು ಮುಟ್ಟಿದ್ರೇನೇ ನನಗೆ ಹಾಯಾಗೋದು,” ಎನ್ನುತ್ತಿದ್ದರು ಅತ್ತೆ, ಸೊಸೆಗೆ ಕೇಳುವ ಹಾಗೆ. ಅದನ್ನೆಲ್ಲ ಆಕೆ ಹೊಟ್ಟೆಗೆ ಹಾಕಿಕೊಂಡಿದ್ದಳು. ಮುಗಿದ ವಿಷಯ ಎಂದುಕೊಂಡಿದ್ದಳು.

ಬ್ಯಾಂಕಿನಿಂದ ಬಂದವರೇ ಬೀರುವಿನಲ್ಲಿದ್ದ ಅವರ ಕಡತಗಳನ್ನೆಲ್ಲ ನೆಲಕ್ಕೆ ಸುರಿದರು. ಮನೆಮನೆಗೂ ಒಂದೊಂದು ಕಡತ: ದರ್ಜಿ, ಹಾಲಿನವನು, ಮೂಲೆಮನೆಯ ವಿಧವೆ, ಅಧ್ಯಕ್ಷರು. ಪ್ರತಿಯೊಂದರಲ್ಲೂ ನಾಮಿನಿ ಬದಲಿಸಿದ ಅರ್ಜಿಯ ನಕಲು, ಮೂಲೆಯಲ್ಲಿ ಅವರ ಪುಟ್ಟ ಸರಿಗುರುತು. ತಮ್ಮ ಸ್ವಂತ ಕಡತದಲ್ಲಿ ತಾಯಿಯ ಮರಣ ಪ್ರಮಾಣಪತ್ರದ ನಕಲುಗಳು, ಒಂದಲ್ಲ, ಆರು. ಅರ್ಜಿ ಇರಲಿಲ್ಲ.

ಮಧ್ಯಾಹ್ನ ಮೇಷ್ಟ್ರು ಬಂದರು. ಪಕ್ಕದ ಬೀದಿಯ ನಿವೃತ್ತ ಶಾಲಾಮಾಸ್ತರರು. ಸಾಹೇಬರ ಜೊತೆ ದಿನಾ ಬೆಳಗ್ಗೆ ನಡೆಯಲು ಹೋಗುತ್ತಿದ್ದವರು, ಅವರು ಸತ್ತ ಮೇಲೆ ನಡೆಯುವುದನ್ನೇ ಬಿಟ್ಟವರು. ನೆಲದ ಮೇಲೆ ಹರಡಿದ್ದ ಕಾಗದ ನೋಡಿ ಬಾಗಿಲಲ್ಲೇ ನಿಂತರು.

“ಮರೆತಿದ್ದಾರೆ ಮೇಷ್ಟ್ರೇ. ಊರಿಗೆಲ್ಲ ನೆನಪು ಮಾಡಿ ತಮ್ಮದೇ ಮರೆತಿದ್ದಾರೆ,” ಎಂದು ಆಕೆ ನಡೆದದ್ದನ್ನು ಹೇಳಿದರು. ದನಿಯಲ್ಲಿ ಇನ್ನೂ ಸ್ವಲ್ಪ ನಗು ಉಳಿದಿತ್ತು. ಮರೆವಾದರೆ ಕ್ಷಮಿಸಬಹುದಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಗೆಳೆಯನನ್ನು ಕಾಪಾಡುವ ಆತುರದಲ್ಲಿ ಬಾಯಿಬಿಟ್ಟರು.

“ಮರೆತಿರಲಿಲ್ಲ ಅತ್ತಿಗೆ. ಹಾಗಂದ್ಕೋಬೇಡಿ. ನನ್ನ ಹತ್ರ ಒಂದ್ಸಲ ಹೇಳಿದ್ದ.”

“ಏನಂತ?”

“ಅಮ್ಮನ ಹೆಸರಿನ ಮೇಲೆ ನನ್ನ ಕೈಯಾರೆ ಗೆರೆ ಎಳೆಯೋಕೆ ಆಗ್ತಿಲ್ಲ ಕಣೋ, ಅಂದ. ಎರಡು ಸಲ ಫಾರ್ಮ್ ತಂದು ಹರಿದುಹಾಕಿದ್ನಂತೆ. ನಾನು ಬೈದೆ. ಮುಂದಿನ ವಾರ ಖಂಡಿತ ಅಂದ.”

“ಯಾವಾಗ ಇದು?”

“ಆರು ವರ್ಷ ಆಗಿರಬೇಕು.”

ಆಕೆ ಕೈಲಿದ್ದ ಕಡತವನ್ನು ಮೆಲ್ಲಗೆ ಮುಚ್ಚಿದರು. “ನನಗ್ಯಾಕೆ ಹೇಳಲಿಲ್ಲ ನೀವು?”

“ಗಂಡ ಹೆಂಡತಿ ಮಧ್ಯೆ ನಾನ್ಯಾಕೆ ಅಂತ…”

“ಮಧ್ಯೆ ಇದ್ದದ್ದು ನೀವಲ್ಲ ಬಿಡಿ ಮೇಷ್ಟ್ರೇ.”

ಮೇಷ್ಟ್ರು ತಲೆ ತಗ್ಗಿಸಿದರು. “ಸಂಜೆ ಮಾತಾಡ್ತೀರಾ?” ಎಂದು ಕೇಳಿದರು. ಕೇಳಿದ್ದರಲ್ಲಿ ಭಯವಿತ್ತು. ಇಡೀ ಬಡಾವಣೆ ಕೂತಿರುವ ಸಭೆಯಲ್ಲಿ ಈ ಹೆಂಗಸು ಇದನ್ನು ಹೇಳಿಬಿಟ್ಟರೆ ಸಾಹೇಬರು ಇನ್ನೊಮ್ಮೆ ಸತ್ತ ಹಾಗೆ.

“ಕರೆದಿದ್ದಾರಲ್ಲ,” ಎಂದರು ಆಕೆ.

ವಾಚನಾಲಯದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಯ ಆಚೆಗೂ ನಿಂತಿದ್ದರು. ಯಾವುದೋ ಅರ್ಜಿಗೆಂದು ತೆಗೆಸಿದ್ದ ಭಾವಚಿತ್ರವನ್ನೇ ದೊಡ್ಡದು ಮಾಡಿಸಿ ಮೇಜಿನ ಮೇಲಿಟ್ಟಿದ್ದರು. ದಾರ ಕಟ್ಟಿದ ಪೆನ್ನು ಅದರ ಮುಂದೆ ಬಿದ್ದಿತ್ತು. ದರ್ಜಿ ಅತ್ತ. ಅಧ್ಯಕ್ಷರು ಅರ್ಧ ಗಂಟೆ ಮಾತಾಡಿ, ಸಾಹೇಬರು ತಮ್ಮ ಮನೆಯನ್ನೂ ನಮ್ಮ ಮನೆಗಳನ್ನೂ ಬೇರೆಬೇರೆಯಾಗಿ ಕಂಡವರಲ್ಲ ಎಂದರು. ಮಗಳು ಅಮ್ಮನ ಮೊಣಕೈ ಹಿಡಿದು ಎಬ್ಬಿಸಿದಳು. ಬೆಳಗಿನ ಸಂಗತಿ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಆಕೆ ಮೈಕಿನ ಮುಂದೆ ನಿಂತರು. ಮೊದಲ ಸಾಲಿನಲ್ಲಿ ಮೇಷ್ಟ್ರು ಕೈಗಳನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಕೂತಿದ್ದರು.

“ಇವರು ನಿಮ್ಮ ಮನೆಗೆ ಬಂದ್ರೆ ಮೊದಲು ಏನು ಕೇಳ್ತಿದ್ರು?” ಎಂದರು ಆಕೆ.

“ನಾಮಿನಿ ಯಾರು ಅಂತ,” ಎಂದು ನಾಲ್ಕೈದು ದನಿಗಳು. ಒದ್ದೆ ಕಣ್ಣಲ್ಲೇ ಎಲ್ಲರೂ ನಕ್ಕರು.

“ಎಲ್ಲರನ್ನೂ ಕೇಳಿದ್ರು. ಅವರನ್ನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.”

ಇನ್ನೇನೋ ಬರುತ್ತದೆಂದು ಜನ ಕಾದರು. ಆಕೆ ಬಂದು ಕುರ್ಚಿಯಲ್ಲಿ ಕೂತುಬಿಟ್ಟರು. ಅಧ್ಯಕ್ಷರು ಮೈಕ್ ಹಿಡಿದು, “ನೋಡಿ, ಗಂಡನ ಮೇಲೆ ಎಂಥಾ ನಂಬಿಕೆ. ಕೇಳೋ ಅಗತ್ಯವೇ ಬೀಳಲಿಲ್ಲ ಆ ತಾಯಿಗೆ,” ಎಂದರು. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಟ್ಟಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಆಕೆ ಊಟದ ಮೇಜಿನ ಮೇಲೆ ಆ ನಾಲ್ಕು ಪುಟಗಳನ್ನು ಹರಡಿದರು. ಬರೆಯಲು ಕೂತಾಗ ಏನೂ ಕಷ್ಟವಿರಲಿಲ್ಲ. ಅವರು ತುಂಬುವುದನ್ನು ಪಕ್ಕದಲ್ಲಿ ನಿಂತು ಅಷ್ಟು ವರ್ಷ ನೋಡಿದ್ದರಲ್ಲ. ಖಾತೆದಾರರೊಂದಿಗೆ ಸಂಬಂಧ: ಹೆಂಡತಿ. ನಾಮಿನಿಯೊಂದಿಗೆ ಸಂಬಂಧ: ಸೊಸೆ. ಕೊನೆಗೆ ಮೂರನೆಯ ಪುಟದ ಆ ಹೆಸರು ಉಳಿಯಿತು.

“ಅಮ್ಮಾ, ನಾನು ಎಳೆದುಕೊಡ್ಲಾ?” ಎಂದಳು ಮಗಳು. ಅಷ್ಟು ಹೊತ್ತಿಗೆ ಅವಳಿಗೆ ಎಲ್ಲ ತಿಳಿದಿತ್ತು.

“ಬೇಡ. ನಾನೇ ಎಳೀಬೇಕಂತೆ, ಆ ಹುಡುಗಿ ಹೇಳಿದ್ಳು.”

ಗಂಡನ ಮರದ ಅಡಿಪಟ್ಟಿ ತಂದು ಹೆಸರಿನ ಮೇಲಿಟ್ಟರು. ಎಂಥ ಕೆಲಸವಿದ್ದರೂ ಅತ್ತೆಯ ವಿಷಯ ಬಂದಾಗ ಅವರು ಬಾಗಿಲ ಬಳಿ ನಿಂತು, “ನೀನೇ ನೋಡ್ಕೋ, ನನ್ನ ಕೈಲಾಗಲ್ಲ,” ಎನ್ನುತ್ತಿದ್ದದ್ದು ನೆನಪಾಯಿತು. ಮಗ್ಗುಲು ಬದಲಿಸುವಾಗ ಹೇಳಿದ್ದರು, ಹೊದಿಕೆ ತೆಗೆಯುವಾಗ ಹೇಳಿದ್ದರು. ಇದೊಂದನ್ನು ಹೇಳದೆಯೇ ಬಿಟ್ಟುಹೋಗಿದ್ದರು.

ಆಕೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು.