ಹಿಂದಿನ ನಾಲ್ಕು ನಟ್ಟು

ಆ ನಾಲ್ಕು ನಟ್ಟುಗಳನ್ನು ನಾನು ಬಿಗಿ ಮಾಡಿದ್ದು ನನಗೆ ಈಗಲೂ ನೆನಪಿದೆ. ಮಾಡಿರಲಿಲ್ಲ ಎಂಬುದೂ ಗೊತ್ತಿದೆ. ಇವೆರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ಓಡಾಡುವುದು ಹೇಗೆಂದು ತಿಳಿಯದೆ ಬರೆಯಲು ಕೂತಿದ್ದೇನೆ.

ನನ್ನ ಹೆಂಡತಿಗೆ ಬೆನ್ನಿನ ಡಿಸ್ಕ್ ಜಾರಿ ಎರಡು ವರ್ಷವಾಗಿತ್ತು. ನಿಲ್ಲುತ್ತಾಳೆ, ನಿಧಾನವಾಗಿ ನಡೆಯುತ್ತಾಳೆ, ಮಲಗಿದರೆ ಆರಾಮ. ಕೂರುವುದೇ ಆಗದು. ಕಾಲು ತಾಸು ಕೂತರೆ ಎಡಗಾಲು ಮರಗಟ್ಟುತ್ತದೆ. ಅವಳ ತವರು ತುಂಗಭದ್ರೆಯ ದಂಡೆಯ ಐರಣಿ. ಹಾವೇರಿಯ ನಮ್ಮ ಮನೆಯಿಂದ ರಾಣೆಬೆನ್ನೂರಿನ ಮೇಲೆ ಹಾದು ಹೋದರೆ ಒಂದೂವರೆ ತಾಸಿನ ದಾರಿ. ಎರಡು ವರ್ಷದಿಂದ ಅಷ್ಟು ದೂರ ಹೋಗಲು ಅವಳಿಗೆ ಆಗಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ನೋಡಿದೆವು, ಕಾಲು ಚಾಚಲು ಜಾಗ ಸಾಲಲಿಲ್ಲ. ಆಂಬುಲೆನ್ಸ್ ಮಾಡೋಣವೆಂದರೆ ಅವಳೇ ಒಪ್ಪಲಿಲ್ಲ.

"ತವರಿಗೆ ಆಂಬುಲೆನ್ಸಿನ್ಯಾಗ ಹೋಗಿ ಇಳದ್ರ ಊರ ಮಂದಿ ಅಳಕೋತ ಬರತಾರ ರೀ. ಅವರನ್ನ ಸಮಾಧಾನ ಮಾಡಿ ಕಳಸೂದ್ರಾಗ ನನ್ನ ಬೆನ್ನು ಪೂರಾ ಹೋಗತೈತಿ."

ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಹಾವೇರಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುವವನು. ಹುಡುಗರು ಬೆನ್ನ ಹಿಂದೆ ನನ್ನನ್ನು 'ಸಂಶಯ ಸರ್' ಎನ್ನುತ್ತಾರೆ. ಏನನ್ನೂ ಪ್ರಶ್ನಿಸದೆ ನಂಬಬೇಡಿ ಎಂದು ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಕೈ ಸುಮ್ಮನಿರುವ ಸ್ವಭಾವವೂ ಅಲ್ಲ. ಹಳೆಯದೊಂದು ಪಿಕಪ್ ಗಾಡಿ ಕೊಂಡು, ಅದರ ಹಿಂಬದಿಗೆ ಮನುಷ್ಯರು ಮಲಗುವಂಥ ಪೆಟ್ಟಿಗೆಯೊಂದನ್ನು ಮನೆಯ ಶೆಡ್ಡಿನಲ್ಲೇ ಕಟ್ಟುತ್ತೇನೆ ಎಂದಾಗ ಹೆಂಡತಿ ಬೇಡವೆನ್ನಲಿಲ್ಲ. "ಕಿಟಕಿ ದೊಡ್ಡದಿರಲಿ" ಎಂದಳು, ಅಷ್ಟೇ.

ಗಾಡಿ ಸಿಕ್ಕಿದ್ದು ಬ್ಯಾಡಗಿಯಲ್ಲಿ. ವರ್ಷಗಟ್ಟಲೆ ಮೆಣಸಿನಕಾಯಿ ಚೀಲ ಹೊತ್ತ ಗಾಡಿ. ಗೋಡೆಗೆ ಬೇಕಾದ ಹಲಗೆಗಳೂ ಅಲ್ಲಿಯವೇ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜೊಂದನ್ನು ಕೆಡವುತ್ತಿದ್ದರು. ಎರಡು ತಗಡಿನ ನಡುವೆ ಫೋಮ್ ತುಂಬಿದ ಅದರ ಹಲಗೆಗಳು ಹಗುರ, ಒಳಗೆ ಬಿಸಿಲು ಇಳಿಯಗೊಡುವುದಿಲ್ಲ. ನಮ್ಮ ಹಿಂದಿನ ಓಣಿಯ ವೆಲ್ಡಿಂಗ್ ಅಂಗಡಿಯವನು ಸಂಜೆ ಬಂದು ಕಬ್ಬಿಣದ ಚೌಕಟ್ಟು ಕೂಡಿಸಿಕೊಟ್ಟ. ಡ್ರಿಲ್ ತಾಗಿಸಿದರೆ ಸಾಕು, ಗಾಡಿಯ ಸಂದಿಯಲ್ಲಿ ಕೂತಿದ್ದ ಖಾರ ಎದ್ದು ಇಬ್ಬರೂ ಸೀನಿ ಸೀನಿ ಹೊರಗೆ ಓಡುತ್ತಿದ್ದೆವು. ದಾರಿಯಲ್ಲಿ ಹೋಗುವವರು ಇಣುಕಿ, "ಸರ್ರ, ಐಸ್‌ಕ್ರೀಮ್ ಯಾವಾಗ ಮಾರಾಕ ಚಾಲೂ ಮಾಡ್ತೀರಿ?" ಎಂದು ಕೇಳುತ್ತಿದ್ದರು.

ನಾನು ನಗುತ್ತಿದ್ದೆ. ಒಳಗೆ ಅಂಜಿಕೆ ಶುರುವಾಗಿತ್ತು. ಬಾಗಿಲು ಹೊರಗಿನಿಂದ ಸಿಕ್ಕಿಕೊಂಡರೆ? ಒಳಗೂ ಹಿಡಿಕೆ ಹಾಕಿಸಿದೆ. ಗಾಳಿ ಸಾಲದಿದ್ದರೆ? ಎರಡು ಕಡೆ ಜಾಳಿಗೆ ಬಿಟ್ಟೆ. ಸಾಮಾನಿನ ಗಾಡಿಯ ಹಿಂದೆ ಮನುಷ್ಯರನ್ನು ಕೂರಿಸಿಕೊಂಡು ಹೋಗುವುದೇ ತಪ್ಪು, ಪೊಲೀಸರು ಹಿಡಿದರೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಬೋಲ್ಟುಗಳು. ಆ ಇಡೀ ಪೆಟ್ಟಿಗೆ ಗಾಡಿಗೆ ಹಿಡಿದುಕೊಂಡಿದ್ದು ಎಂಟು ಬೋಲ್ಟುಗಳಿಂದ. ಮುಂದೆ ನಾಲ್ಕು, ಹಿಂದೆ ನಾಲ್ಕು. ಅವು ಬಿಟ್ಟರೆ ಒಳಗೆ ಮಲಗಿದವಳೊಂದಿಗೆ ಪೆಟ್ಟಿಗೆ ಹೈವೇ ಮೇಲೆ ಜಾರುತ್ತದೆ, ಹಿಂದೆ ಲಾರಿಗಳು ಬರುತ್ತಿರುತ್ತವೆ. ಪಾಠ ಮಾಡುವಾಗಲೂ ಈ ಚಿತ್ರ ಕಣ್ಣಿಗೆ ಬರುತ್ತಿತ್ತು.

ಅದಕ್ಕೆ ಒಂದು ಕ್ರಮ ಮಾಡಿಕೊಂಡೆ. ಹೆಂಡತಿಯ ಹಳೆಯ ಉಗುರುಬಣ್ಣದ ಶೀಶೆ ತಂದು, ಬಿಗಿ ಮಾಡಿದ ನಟ್ಟಿನ ಮೇಲೆ ಒಂದು ಕೆಂಪು ಚುಕ್ಕೆ ಇಡುವುದು. ಚುಕ್ಕೆ ಇದ್ದರೆ ಬಿಗಿ. ಇಲ್ಲದಿದ್ದರೆ ಇಲ್ಲ. ನೆನಪಿಗೆ ಕೆಲಸವೇ ಇಲ್ಲ.

ಮಹಾನವಮಿ ಬಂತು. ಅಗಡಿಯಿಂದ ನನ್ನ ಅಕ್ಕ ಹಬ್ಬಕ್ಕೆ ಬಂದಳು. ಆಯುಧಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ ಅವಳೇ ಶೆಡ್ಡು ಗುಡಿಸಿ, ಡ್ರಿಲ್, ಸುತ್ತಿಗೆ, ನಟ್ಟು ತಿರುಗಿಸುವ ಪಾನಾ ಎಲ್ಲ ತೊಳೆದು ಸಾಲಾಗಿ ಇಟ್ಟಳು. ಕುಂಕುಮ ಉದುರಬಾರದೆಂದು ಎಣ್ಣೆಯಲ್ಲಿ ಕಲಸಿಕೊಂಡು ಗಾಡಿಯ ಸುತ್ತ, ಬಗ್ಗಿ ಅಡಿಗೂ ಹಚ್ಚುತ್ತ ಹೋದಳು.

"ಅಕ್ಕಾ, ಗಾಡಿಗೆ ಒಂದು ಹಚ್ಚಿದ್ರ ಸಾಕವಾ" ಎಂದೆ.

"ನೀ ಸುಮ್ಮನಿರು ತಮ್ಮಾ. ದೇವರ ಬ್ಯಾಡ ಅನ್ನಾಂವಗ ಕುಂಕುಮದ ಲೆಕ್ಕ ಯಾಕ ಬೇಕು? ಪಾಪ, ಆಕಿ ಇದರಾಗ ಮಕ್ಕೊಂಡು ಹೋಗಾಕಿ."

ಬನ್ನಿ ಕೊಟ್ಟ ಮರುದಿನ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಯಿತು. ಅಕ್ಕ ಮನೆ ನೋಡಿಕೊಳ್ಳಲು ಉಳಿದಳು. ಹೊರಡುವ ಮುಂಚೆ ನಾನು ಗಾಡಿಯ ಕೆಳಗೆ ತಲೆ ಹಾಕಿ ನೋಡಿದೆ. ಎಂಟೂ ನಟ್ಟುಗಳ ಮೇಲೆ ಕೆಂಪು ಇತ್ತು. ಮನಸ್ಸು ಹಗುರಾಯಿತು. ಹೆಂಡತಿಯನ್ನು ಒಳಗೆ ಮಲಗಿಸಿ, ಹಾಸಿಗೆಗೆ ಅಡ್ಡಲಾಗಿ ಬೆಲ್ಟ್ ಬಿಗಿದು, ಇಬ್ಬರ ಫೋನಿನಲ್ಲೂ ಕರೆ ಹಚ್ಚಿಟ್ಟುಕೊಂಡು ಹೊರಟೆ.

"ಕಿಟಕಿಯಾಗ ಬರೇ ಆಕಾಶ ಕಾಣಸ್ತದ ರೀ. ಎಲ್ಲಿಗೆ ಬಂದ್ವಿ?"

"ಹೈವೇಕ್ಕ ಹತ್ತಾಕತ್ತೇವಿ."

"ಲಾರಿ ಬಂದ್ರ ದಾರಿ ಬಿಡ್ರಿ. ಅವರ ಕೂಡ ವಾದಾ ಹಾಕಬ್ಯಾಡ್ರಿ."

ಮೋಟೆಬೆನ್ನೂರು ದಾಟಿದ ಮೇಲೆ ಸದ್ದು ಕೇಳಿಸಿತು. (ಅದಕ್ಕೂ ಮೊದಲೇ ಕೇಳಿಸಿತ್ತು, ನಾನು ಲಕ್ಷ್ಯ ಕೊಡಲಿಲ್ಲ ಎನ್ನುತ್ತಾಳೆ ಅವಳು. ಇರಬಹುದು.) ರಸ್ತೆಯ ಏರುತಗ್ಗಿಗೆ ಒಂದು ಸಲ 'ಡಬ್' ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಏನಾದರೂ ಬಿತ್ತೇನು ಎಂದು ಕೇಳಿದೆ. ಫೋನಿನಿಂದ ಉತ್ತರ ಬರಲಿಲ್ಲ. ನೋಡಿದರೆ ಕರೆ ಕಡಿದುಹೋಗಿತ್ತು. ಬದಿಯ ಕನ್ನಡಿಯಲ್ಲಿ ಪೆಟ್ಟಿಗೆಯ ಹಿಂದಿನ ಮೂಲೆ ಗಾಡಿಯೊಂದಿಗೆ ಕುಲುಕದೆ, ಅದಕ್ಕಿಂತ ಒಂದು ಕ್ಷಣ ತಡವಾಗಿ ಕುಲುಕುತ್ತಿತ್ತು. ನನ್ನ ಪಾದ ಬ್ರೇಕಿನ ಮೇಲೆ ಹೋಯಿತು, ಮತ್ತೆ ತೆಗೆದೆ. ಜೋರಾಗಿ ಬ್ರೇಕ್ ಹಾಕಿದರೆ ಪೆಟ್ಟಿಗೆ ಮುಂದಕ್ಕೆ ನುಗ್ಗುತ್ತದೆ. ಹಾಕದಿದ್ದರೆ ಮುಂದಿನ ತಗ್ಗು. ಹಿಂದಿನ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು. ಗೇರು ಇಳಿಸುತ್ತ, ಇಳಿಸುತ್ತ, ರಸ್ತೆಯ ಅಂಚಿಗೆ ತಂದು ನಿಲ್ಲಿಸುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅಷ್ಟು ದೂರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಕೇಳಬೇಡಿ, ಅದರ ಬಗ್ಗೆ ನನ್ನ ಅಂದಾಜನ್ನು ನಾನೇ ನಂಬುವುದಿಲ್ಲ.

ಬಾಗಿಲು ತೆರೆದೆ. ಅವಳು ಬೆಲ್ಟ್ ಹಿಡಿದುಕೊಂಡು ಕಣ್ಣು ಅಗಲಿಸಿ ಮಲಗಿದ್ದಳು.

"ಹಾಸಿಗಿ ಸರದಾಡಾಕತ್ತಿತ್ತು ರೀ. ನಾ ಒದರಿದೆ. ಕೇಳಸಲಿಲ್ಲೇನು?"

ಕೇಳಿಸಿರಲಿಲ್ಲ. ಶಾಖ ತಡೆಯಲೆಂದು ಹಾಕಿದ ಫೋಮ್ ಅವಳ ಕೂಗನ್ನೂ ತಡೆದಿತ್ತು.

ಕೆಳಗೆ ತೂರಿದೆ. ಹಿಂದಿನ ನಾಲ್ಕು ನಟ್ಟುಗಳ ಮೇಲೂ ಕೆಂಪು ಹಾಗೇ ಇತ್ತು. ಒಂದನ್ನು ಮುಟ್ಟಿದೆ. ಅದು ಬೆರಳಿಗೆ ಹತ್ತಿಕೊಂಡಿತು. ಉಗುರುಬಣ್ಣ ಬೆರಳಿಗೆ ಹತ್ತುವುದಿಲ್ಲ. ಎಣ್ಣೆಯ ಕುಂಕುಮ ಹತ್ತುತ್ತದೆ. ಅದೇ ಬೆರಳಿನಿಂದ ತಿರುಗಿಸಿದೆ, ನಟ್ಟು ತಿರುಗಿತು. ಪಾನಾ ಬೇಕಾಗಲಿಲ್ಲ. ನಾಲ್ಕೂ ಹಾಗೇ ಇದ್ದವು. ಒಂದು ಬೋಲ್ಟಿನ ತುದಿಗೇ ಬಂದು ನಿಂತಿತ್ತು. ಮುಂದಿನ ನಾಲ್ಕರಲ್ಲಿ ಮಾತ್ರ ಕುಂಕುಮ ಒರೆಸಿದರೆ ಅಡಿಯಲ್ಲಿ ನನ್ನ ಚುಕ್ಕೆ ಕಂಡಿತು.

"ಏನಾಗೇದ?" ಮೇಲಿನಿಂದ ಅವಳ ದನಿ.

"ಅಕ್ಕ ಎಲ್ಲಾ ನಟ್ಟಿಗೂ ಕುಂಕುಮ ಹಚ್ಯಾಳ. ನಾ ನನ್ನ ಗುರುತು ಅಂತ ತಿಳಕೊಂಡೆ."

ಹೇಳಿದ್ದು ನಿಜವೇ. ಆದರೆ ಅರ್ಧ ನಿಜ. ಏಕೆಂದರೆ ಆ ನಾಲ್ಕನ್ನು ಬಿಗಿ ಮಾಡಿದ್ದು ನನಗೆ ನೆನಪಿತ್ತು. ಮೊಣಕಾಲಿಗೆ ಚುಚ್ಚುತ್ತಿದ್ದ ಜಲ್ಲಿ, ಕೊನೆಯ ಎಳೆತಕ್ಕೆ ಪಾನಾ ಕಿರ್ರೆಂದದ್ದು, ಸೀನು ಬಂದು ಹಣೆ ಕಬ್ಬಿಣಕ್ಕೆ ತಾಗಿದ್ದು, ಎಲ್ಲವೂ. ಕುಂಕುಮವಿರದೆ ಬರಿಯ ನಟ್ಟು ಕಂಡಿದ್ದರೂ ನಾನು, ಬಣ್ಣ ಹಚ್ಚಲು ಮರೆತಿದ್ದೇನೆ ಎಂದುಕೊಂಡು ಹೊರಡುತ್ತಿದ್ದೆನೋ ಏನೋ.

ರಸ್ತೆಯ ಬದಿಯಲ್ಲೇ ನಿಂತು ವೆಲ್ಡಿಂಗಿನವನಿಗೆ ಫೋನ್ ಮಾಡಿದೆ.

"ಹಿಂದಿನ ನಾಕು ಬೋಲ್ಟ್ ಯಾರು ಬಿಗಿ ಮಾಡಿದ್ರಪಾ?"

"ಅವು ನಾ ಕೈಯಾಗ ತಿರಿವಿ ಬಿಟ್ಟಿದ್ನಲ್ರಿ ಸರ್ರ. ಅಡಿಗೆ ರಬ್ಬರ್ ಪಟ್ಟಿ ಕಡಿಮಿ ಬಿದ್ದಿತ್ತು. ಪಟ್ಟಿ ತಂದು ಹಾಕಿ ನಾನ ಬಿಗಿ ಮಾಡತೇನಿ ಅಂತ ನೀವ ಅಂದ್ರಿ."

"ನಾ ಅಂದ್ನಾ?"

"ಎರಡು ಸಲ ಅಂದ್ರಿ. ಚಾ ಕುಡಿಯೋ ಮುಂದ ಒಮ್ಮೆ, ನಾ ಹೊಂಡೋ ಮುಂದ ಒಮ್ಮೆ. ಯಾಕ ಸರ್ರ, ಏನರ ಆತೇನ್ರಿ?"

ಏನಿಲ್ಲ ಎಂದು ಇಟ್ಟೆ. ಹಾಗೆ ಅಂದ ನೆನಪು ನನಗೆ ಇರಲಿಲ್ಲ. ಚಹಾ ಕುಡಿದ ನೆನಪೂ ಇಲ್ಲ. ಪಟ್ಟಿ ಮಾತ್ರ ನಟ್ಟಿನ ಮೇಲುಗಡೆ ಹೊಸದಾಗಿ ಕೂತಿತ್ತು. ಅಂದರೆ ನಾನೇ ತಂದು ತುರುಕಿದ್ದೇನೆ, ಅಷ್ಟಕ್ಕೇ ಎದ್ದು ಹೋಗಿದ್ದೇನೆ. ಉಳಿದದ್ದನ್ನು ನನ್ನ ತಲೆ ತಾನೇ ಮುಗಿಸಿಕೊಂಡಿದೆ, ಮುಂದಿನ ನಟ್ಟುಗಳ ಸೀನನ್ನು ತಂದು ಹಿಂದಿನವಕ್ಕೆ ಅಂಟಿಸಿಕೊಂಡು. ಲಾರಿಗಳು ಹಾದುಹೋದಾಗಲೆಲ್ಲ ಗಾಡಿ ಅಲುಗುತ್ತಿತ್ತು. ನನಗೆ ಪೆಟ್ಟಿಗೆಗಿಂತ ಹೆಚ್ಚಾಗಿ ನನ್ನದೇ ಅಂಜಿಕೆ ಹತ್ತಿತು.

ನಾಲ್ಕನ್ನೂ ಬಿಗಿ ಮಾಡಿದೆ. ಹಾವೇರಿಗೆ ವಾಪಸಾಗೋಣ ಎಂದೆ. ಅವಳು ಕೇಳಲಿಲ್ಲ, ಹಿಂದಕ್ಕೂ ಮುಂದಕ್ಕೂ ಅದೇ ಗಾಡಿ ತಾನೇ ಎಂದಳು. ರಾಣೆಬೆನ್ನೂರಿನಲ್ಲಿ ಲಾರಿ ಗ್ಯಾರೇಜೊಂದರ ಮುಂದೆ ನಿಲ್ಲಿಸಿ ಅಲ್ಲಿನ ಮಿಸ್ತ್ರಿಯನ್ನು ಕರೆದೆ. ಅವನು ಎಂಟಕ್ಕೂ ಪಾನಾ ಹಾಕಿ ನೋಡಿ ಹೊರಬಂದ.

"ಬಿಗಿ ಅದಾವ್ರಿ. ಇನ್ನ ಜಗ್ಗಿದ್ರ ಬೋಲ್ಟ್ ಹರೀತಾವ. ಮತ್ತ ಮುಟ್ಟಾಕ ಹೋಗಬ್ಯಾಡ್ರಿ."

ಮುಟ್ಟದಿದ್ದರೆ ಸಡಿಲ, ಮುಟ್ಟಿದರೆ ಹರಿಯುತ್ತವೆ. ಐರಣಿಯವರೆಗೂ ಇದೊಂದೇ ಮಾತು ತಲೆಯಲ್ಲಿ. ಎತ್ತಿನ ಗಾಡಿಯವನೊಬ್ಬ ನಮ್ಮನ್ನು ಹಿಂದೆ ಹಾಕಲಿಲ್ಲ ಅಷ್ಟೇ, ಉಳಿದವರೆಲ್ಲ ಹಾಕಿದರು.

ಅವಳ ತವರಿನಲ್ಲಿ ಊಟವಾದ ಮೇಲೆ ಗಾಡಿಯನ್ನು ಹೊಳೆಯ ದಂಡೆಗೆ ಒಯ್ದು, ಹಿಂದಿನ ಬಾಗಿಲು ನೀರಿನ ಕಡೆಗೆ ತೆರೆದೆ. ಅವಳು ಮಲಗಿಕೊಂಡೇ ತುಂಗಭದ್ರೆಯನ್ನು ನೋಡುತ್ತಿದ್ದಳು. ಮತ್ತೆ ಇದೇ ಪೆಟ್ಟಿಗೆಯಲ್ಲಿ, ನನ್ನ ಮಾತು ನಂಬಿಕೊಂಡು, ಅವಳು ವಾಪಸ್ ಮಲಗಬೇಕು. ಹೇಳದೆ ಕರೆದೊಯ್ಯುವುದು ನನ್ನಿಂದಾಗಲಿಲ್ಲ.

"ಕುಂಕುಮದ್ದಷ್ಟ ಅಲ್ಲ. ಬಿಗಿ ಮಾಡಿದ್ದು ನನಗ ನೆನಪೈತಿ. ಈಗೂ ಐತಿ. ಮಾಡಿಲ್ಲ" ಎಂದೆ.

ಅವಳು ಹೊಳೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. "ಹೊಂಡೋ ಮುಂದ ಗ್ಯಾಸ್ ಬಂದ್ ಮಾಡೀರಿ?"

"ಮಾಡೇನಿ."

"ಖರೇ ಮಾಡೀರೋ, ನೆನಪಷ್ಟ ಐತೋ?"

ಅವಳೇ ಅಕ್ಕನಿಗೆ ಫೋನ್ ಹಚ್ಚಿದಳು. ಬೆಳಿಗ್ಗೆ ನಾವು ಹೊರಟ ಮೇಲೆ ತಾನು ಅಡುಗೆಮನೆಗೆ ಹೋದಾಗ ಸಿಲಿಂಡರು ಬಂದ್ ಇತ್ತು ಎಂದಳು ಅಕ್ಕ. ಹೆಂಡತಿ ನಿಟ್ಟುಸಿರು ಬಿಟ್ಟಳು. ನನಗೆ ಸಮಾಧಾನವಾಗಲಿಲ್ಲ. ಗ್ಯಾಸಿನ ಗುಂಡಿ ತಿರುಗಿಸಿದ ನೆನಪು, ನಟ್ಟು ತಿರುಗಿಸಿದ ನೆನಪು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ನಿಜ, ಒಂದು ಸುಳ್ಳು. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಹುಬ್ಬಳ್ಳಿಗೆ ಹೋಗಿ ನಿಮ್ಮನ್ನ ಡಾಕ್ಟರಿಗೆ ತೋರಸೂಣು" ಎಂದಳು ಹೆಂಡತಿ. "ಅಂಜಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ನನಗೂ ಅಂಜಿಕಿ ಬಂದೈತಿ."

ಮರುದಿನ ಬೆಳಿಗ್ಗೆ ಹೊರಡುವಾಗ ಅವಳು ಒಂದು ಉಪಾಯ ಹೇಳಿದಳು. ಕೆಳಗೆ ಬಗ್ಗಿ ನೋಡಲು ಅವಳಿಗೆ ಆಗದು. ನಾನು ಒಂದೊಂದು ನಟ್ಟಿಗೂ ಪಾನಾ ಹಾಕಿ, ಹಗುರವಾಗಿ ಎಳೆದು ನೋಡಿ, ಆಮೇಲೆ ಪೆಟ್ಟಿಗೆಯ ತಳಕ್ಕೆ ಒಂದು ಸಲ ಬಡಿಯಬೇಕು. ಅವಳು ಒಳಗೆ ಮಲಗಿ ಎಣಿಸುತ್ತಾಳೆ. ನಾನು ಮುಂದಿನಿಂದ ಶುರು ಮಾಡಿದೆ. ಎಳೆದೆ, ಬಡಿದೆ. ಎಳೆದೆ, ಬಡಿದೆ. ಹಿಂದಿನ ಕೊನೆಯದು ಮುಗಿಸಿ ಹೊರಗೆ ಬಂದು ಮೈಯ ಮಣ್ಣು ಕೊಡವಿಕೊಂಡೆ.

"ಎಂಟು" ಎಂದೆ.

"ಏಳು" ಎಂದಳು ಒಳಗಿನಿಂದ.

ನಾನು ವಾದ ಮಾಡಲಿಲ್ಲ. ಪಾನಾ ತೆಗೆದುಕೊಂಡು ಮತ್ತೆ ಗಾಡಿಯ ಕೆಳಗೆ, ಮುಂದಿನ ಮೊದಲನೆಯ ನಟ್ಟಿನ ಹತ್ತಿರ ತೂರಿದೆ.