ಟಾರ್ಚಿಗೆ ಕಂಡ ಒಂದೇ ಸ್ಕ್ರೂ

ಹೊಸ ಮನೆಗಳ ಚಾವಣಿಯೊಳಗೆ ನುಸುಳುವುದು ನನ್ನ ಕೆಲಸ. ಹೆಂಚಿನ ಕೆಳಗಿನ ಕಬ್ಬಿಣದ ಚೌಕಟ್ಟನ್ನು ಗೋಡೆಗೆ ಬಿಗಿಯುವ ಪಟ್ಟಿಗಳು ಸರಿಯಾಗಿ ಕೂತಿವೆಯೇ ಎಂದು ನೋಡಿ ವಿಮಾ ಕಂಪನಿಗೆ ಬರೆದುಕೊಡಬೇಕು. ಇಲ್ಲಿ ಸಂಜೆ ಮಳೆಗೆ ಮುಂಚೆ ನುಗ್ಗುವ ಗಾಳಿಗೆ, ಪಟ್ಟಿ ಸಡಿಲವಿದ್ದರೆ ಚಾವಣಿ ಎದ್ದೇ ಹೋಗುತ್ತದೆ. ಹದಿನಾಲ್ಕು ವರ್ಷದಿಂದ ಇದೇ ಆಯಿತು. ಮಂಡಿ ಸವೆದಿದೆ, ಉತ್ಸಾಹವೂ ಅಷ್ಟೇ.

ಆ ಗುರುವಾರ ಕ್ಲಾಂಗ್ ಬಂದರಿನ ಕಡೆಯ ಹೊಸ ಬಡಾವಣೆಯಲ್ಲಿ ಐದು ಮನೆ ಮುಗಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಆರನೆಯದು ಮೈಸೂರಿನ ದಂಪತಿಯದು, ಪುಟ್ಟ ಮಗು ಬೇರೆ. ಈ ಪರದೇಶದಲ್ಲಿ ನಾನು ಕನ್ನಡದವಳೆಂದು ಗೊತ್ತಾಗಿ ಅವರಿಗೆ ಎಲ್ಲಿಲ್ಲದ ಖುಷಿ. ಮಾರನೆಯ ಬೆಳಿಗ್ಗೆಯೇ ಗೃಹಪ್ರವೇಶ. ನಾನು ಸಹಿ ಹಾಕಿದರೆ ಮಾತ್ರ ಬೀಗದ ಕೈ. ಏಣಿ ಹತ್ತಿ, ಸೀಲಿಂಗಿನ ಕಿಂಡಿಯಲ್ಲಿ ತಲೆ ತೂರಿಸಿ ಟಾರ್ಚ್ ಬಿಟ್ಟೆ. ಪ್ರತಿ ಪಟ್ಟಿಯಲ್ಲೂ ಸ್ಕ್ರೂ ಮಿನುಗಿತು. ಒಳಗೆ ತೆವಳಿ ಒಂದೊಂದನ್ನೂ ಕೈಯಿಂದ ಎಳೆದು ನೋಡಬೇಕಿತ್ತು. ಮಂಡಿ ಬೇಡವೆಂದಿತು. ಕೆಳಗಿಳಿದು "ಎಲ್ಲ ಸರಿ ಇದೆ" ಎಂದು ಸಹಿ ಹಾಕಿದೆ.

ಶುಕ್ರವಾರ ಅದರ ಪಕ್ಕದ ಮನೆ, ಇನ್ನೂ ಖಾಲಿ. ಚೆನ್ನಾಗಿ ನಿದ್ದೆಯಾಗಿತ್ತು, ಒಳಗೆ ತೆವಳಿದೆ. ಹಿಂದಿನ ಸಾಲಿನ ಮೊದಲ ಪಟ್ಟಿ ಎಳೆದರೆ ಹಳೇ ಚಿಲಕದ ಹಾಗೆ ಆಡಿತು. ನಾಲ್ಕು ತೂತು, ಒಂದೇ ಸ್ಕ್ರೂ. ಎರಡನೆಯದೂ ಹಾಗೇ. ಚಾವಣಿ ಕೂರಿಸುವ ಕೆಲಸಗಾರರ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಮೊದಲು ಗುರುತಿಗೆಂದು ಪಟ್ಟಿಗೊಂದು ಸ್ಕ್ರೂ ಹಾಕುತ್ತಾ ಹೋಗುತ್ತಾರೆ, ಬೀದಿಬದಿಯ ಮಾಮಕ್ ಹೋಟೆಲಿನಲ್ಲಿ ಊಟ ಮುಗಿಸಿ ಬಂದು ಉಳಿದ ಮೂರನ್ನು ಬಿಗಿಯುತ್ತಾರೆ. ಅಷ್ಟರಲ್ಲಿ ಸೀಲಿಂಗಿನವರು ಬಂದು ಮುಚ್ಚಿಬಿಟ್ಟರೆ ಅಲ್ಲಿಗೆ ಮುಗಿಯಿತು. ಕಿಂಡಿಯಿಂದ ಕಾಣುವುದು ಆ ಒಂದೇ ಸ್ಕ್ರೂ. ಎರಡೂ ಮನೆಗೆ ಕೆಲಸ ಮಾಡಿದ್ದು ಒಂದೇ ತಂಡ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಮೈಸೂರಿನವರ ಮನೆಗೆ ಹೋದಾಗ ಹಾಲು ಉಕ್ಕಿಸಿ ಆಗಿತ್ತು.

"ಬನ್ನಿ ಮೇಡಂ! ನೀವು ಬಂದೇ ಬರ್ತೀರ ಅಂತ ಇವ್ರಿಗೆ ಹೇಳ್ತಿದ್ದೆ. ಮೊದ್ಲು ಕುಂಕುಮ ತಗೊಳ್ಳಿ," ಎಂದು ಹೆಂಡತಿ ತಟ್ಟೆ ತಂದಳು. ವೀಳ್ಯದೆಲೆ, ತೆಂಗಿನಕಾಯಿ, ಹಸಿರು ರವಿಕೆ ಕಣ. "ನಿಮ್ಮಿಂದಾನೇ ಇವತ್ತು ಒಳಗೆ ಬಂದ್ವಿ."

"ಚಾವಣಿ ಇನ್ನೊಂದ್ಸಲ ನೋಡ್ಬೇಕಮ್ಮ."

"ನಿನ್ನೆ ಎಲ್ಲ ಸರಿ ಇದೆ ಅಂದ್ರಲ್ಲ?"

"ಅಂದೆ. ಪೂರ್ತಿ ನೋಡ್ದೇ ಅಂದೆ."

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಗಂಡ ಏಣಿ ತಂದ. ಈ ಸಲ ಕೊನೆಯವರೆಗೂ ತೆವಳಿದೆ. ಹಿಂದಿನ ಸಾಲಿನ ಹನ್ನೊಂದು ಪಟ್ಟಿಗೂ ಒಂದೊಂದೇ ಸ್ಕ್ರೂ. ನನ್ನ ಮೊಣಕೈ ತಾಗಿದ ಸದ್ದಿಗೆ ಕೆಳಗಿನ ಕೋಣೆಯಲ್ಲಿ ಮಗು ಎದ್ದು ಅಳತೊಡಗಿತು. ಮೇಲೆ ಹಾಗೇ ಮಲಗಿ ಒಂದು ಗಳಿಗೆ ಆ ಅಳು ಕೇಳಿದೆ. ಆಮೇಲೆ ಕೆಳಗಿಳಿದೆ.

"ರಿಪೇರಿ ಆಗೋವರೆಗೆ ಇಲ್ಲಿ ಯಾರೂ ಇರೋದು ಬೇಡ. ತಪ್ಪು ನಂದು," ಎಂದೆ. ನಿನ್ನೆಯ ಸಹಿಯನ್ನು ರದ್ದು ಮಾಡಿ, ವಿಮಾ ಕಂಪನಿಗೂ ಗುತ್ತಿಗೆದಾರನಿಗೂ ಅಲ್ಲಿಂದಲೇ ಫೋನ್ ಮಾಡಿದೆ.

ಅವಳು ಮಗುವನ್ನು ಎತ್ತಿಕೊಂಡು, ಇನ್ನೂ ಬಿಸಿಯಿದ್ದ ಹಾಲಿನ ಪಾತ್ರೆಯನ್ನು ಒಲೆಯ ಮೇಲೇ ಬಿಟ್ಟು ಹೊರಟಳು. ತಟ್ಟೆ ಮೇಜಿನ ಮೇಲಿತ್ತು. ಅವಳು ಅದನ್ನು ಮತ್ತೆ ಎತ್ತಿಕೊಡಲಿಲ್ಲ.